ಎದ್ದು ನಿಂತಾಗ ಇಳಿಯುವ ರಕ್ತದ ಒತ್ತಡ: ಸಂಶೋಧನೆಗಳು ತಿಳಿಸಿದ್ದೇನು, ನಾವು ಮಾಡಬೇಕಾದ್ದೇನು?

(ರೋಗಿಗಳು ಮತ್ತು ಜೊತೆಗಾರರ ತಿಳಿವಳಿಕೆಗಾಗಿ)

ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಂತ ಕೂಡಲೇ ಕಣ್ಣಿಗೆ ಕತ್ತಲೆ ಕವಿದಂತಾಗುತ್ತದೆ. ತಲೆ ಹಗುರಾಗಿ ತೇಲಿದಂತೆ ಅನಿಸುತ್ತದೆ. ಗೋಡೆ ಹಿಡಿದು ಒಂದು ನಿಮಿಷ ನಿಂತರೆ ಅಥವಾ ಮತ್ತೆ ಕುಳಿತರೆ ಎಲ್ಲವೂ ಸರಿಹೋಗುತ್ತದೆ. ಇಂಥ ಅನುಭವ ಬಹಳ ಮಂದಿಗೆ, ಅದರಲ್ಲೂ ಅರವತ್ತು ದಾಟಿದವರಿಗೆ, ಆಗಿರುತ್ತದೆ. 'ಪಿತ್ತ ಆಗಿದೆ', 'ನಿಶ್ಶಕ್ತಿ', 'ವಯಸ್ಸಾಯಿತಲ್ಲ' ಎಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ವೈದ್ಯರ ಬಳಿ ಬಂದಾಗಲೂ ಅನೇಕರು ಇದನ್ನು ಹೇಳುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ ಬಿ.ಪಿ. ನೋಡಿದರೆ ಅದು ಸರಿಯಾಗಿಯೇ ಇರುತ್ತದೆ. ಕೆಲವೊಮ್ಮೆ ಹೆಚ್ಚೇ ಇರುತ್ತದೆ. ಹೀಗಾಗಿ ತೊಂದರೆ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ.

ಆದರೆ ಒಂದು ದಿನ ರಾತ್ರಿ ಮೂತ್ರಕ್ಕೆಂದು ಎದ್ದವರು ಬಚ್ಚಲುಮನೆಯ ಬಾಗಿಲಲ್ಲೇ ಕುಸಿದು ಬೀಳುತ್ತಾರೆ. ತೊಡೆಯ ಮೇಲ್ಭಾಗದ ಮೂಳೆ ಮುರಿಯುತ್ತದೆ, ಇಲ್ಲವೇ ತಲೆಗೆ ಪೆಟ್ಟಾಗುತ್ತದೆ. ಅಲ್ಲಿಯವರೆಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದ ಹಿರಿಯರು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾರೆ. ಇಂಥ ಎಷ್ಟೋ ಬೀಳುವಿಕೆಗಳನ್ನು ತಡೆಯಬಹುದು. ಅದಕ್ಕೆ ಬೇಕಾದ ಉಪಾಯಗಳಲ್ಲಿ ಹೆಚ್ಚಿನವು ದುಬಾರಿಯವಲ್ಲ. ಕುಡಿಯುವ ನೀರು, ಮಂಚದ ಎತ್ತರ, ಕಾಲಿನ ಸ್ನಾಯುಗಳು, ಮಾತ್ರೆ ತೆಗೆದುಕೊಳ್ಳುವ ಹೊತ್ತು, ಇಂಥ ಸಣ್ಣ ಸಂಗತಿಗಳನ್ನು ಸಂಶೋಧಕರು ಸುಮಾರು ನೂರು ವರ್ಷಗಳಿಂದ ಪರೀಕ್ಷಿಸಿ ನೋಡಿದ್ದಾರೆ. ಅವುಗಳ ಫಲವನ್ನು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ನಿಂತಾಗ ದೇಹದಲ್ಲಿ ಏನಾಗುತ್ತದೆ?

ನಾವು ಮಲಗಿದ್ದಾಗ ತಲೆ, ಹೃದಯ, ಕಾಲು ಎಲ್ಲವೂ ಒಂದೇ ಮಟ್ಟದಲ್ಲಿರುತ್ತವೆ. ಎದ್ದು ನಿಂತ ಕೂಡಲೇ ಸುಮಾರು 500ರಿಂದ 800 ಮಿಲಿಲೀಟರ್ ರಕ್ತ ಹೊಟ್ಟೆ ಮತ್ತು ಕಾಲುಗಳ ರಕ್ತನಾಳಗಳಿಗೆ ಇಳಿದು ಅಲ್ಲಿ ನಿಲ್ಲುತ್ತದೆ. ಕೊಡದಲ್ಲಿನ ನೀರು ತಳಕ್ಕೆ ಸೇರುವಂತೆಯೇ ಇದು. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾದ್ದರಿಂದ ಹೃದಯ ಮೇಲಕ್ಕೆ ತಳ್ಳುವ ರಕ್ತವೂ ಕಡಿಮೆಯಾಗುತ್ತದೆ.

ಆರೋಗ್ಯವಂತರಲ್ಲಿ ಇದು ಗೊತ್ತಾಗುವುದೇ ಇಲ್ಲ. ಕುತ್ತಿಗೆಯ ಎರಡೂ ಬದಿಯ ದೊಡ್ಡ ರಕ್ತನಾಳಗಳಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಪಧಮನಿಯಲ್ಲಿ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ. ಒತ್ತಡ ಇಳಿದ ಸುದ್ದಿ ಅಲ್ಲಿಂದ ಕ್ಷಣದಲ್ಲಿ ಮೆದುಳಿಗೆ ಹೋಗುತ್ತದೆ. ಮೆದುಳು ನಮ್ಮ ಇಚ್ಛೆಯನ್ನು ಕಾಯದೆ ತಾನೇ ಕೆಲಸ ಮಾಡುವ ಸ್ವನಿಯಂತ್ರಿತ ನರಮಂಡಲದ ಮೂಲಕ ಆಜ್ಞೆ ಕಳಿಸುತ್ತದೆ. ನರತುದಿಗಳಿಂದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಹೊರಬಿದ್ದು ರಕ್ತನಾಳಗಳು ಬಿಗಿಯಾಗುತ್ತವೆ, ಹೃದಯದ ಬಡಿತ ಹೆಚ್ಚುತ್ತದೆ, ಒತ್ತಡ ಮತ್ತೆ ಸರಿಹೋಗುತ್ತದೆ. ಇದೆಲ್ಲ ಕೆಲವೇ ಸೆಕೆಂಡುಗಳ ಕೆಲಸ.

ಈ ಏರ್ಪಾಡಿನಲ್ಲಿ ಎಲ್ಲಿ ಲೋಪವಾದರೂ ಒತ್ತಡ ಇಳಿದೇ ಉಳಿಯುತ್ತದೆ. ಮೆದುಳಿಗೆ ರಕ್ತ ಸಾಲದೆ ಕಣ್ಣು ಮಂಜಾಗುತ್ತದೆ, ತಲೆ ಸುತ್ತುತ್ತದೆ, ಕುತ್ತಿಗೆ ಮತ್ತು ಭುಜದಲ್ಲಿ ನೋವು ಕಾಣಿಸುತ್ತದೆ, ಕಾಲು ಸೋಲುತ್ತದೆ. ಕೊನೆಗೆ ಪ್ರಜ್ಞೆ ತಪ್ಪಬಹುದು. ಇದನ್ನು ವೈದ್ಯರು ಆರ್ಥೋಸ್ಟಾಟಿಕ್ ಹೈಪೊಟೆನ್ಷನ್ ಎನ್ನುತ್ತಾರೆ.

ಪತ್ತೆ ಮಾಡುವುದು ಹೇಗೆ?

ಇದಕ್ಕೆ ಸ್ಕ್ಯಾನಿಂಗ್ ಬೇಡ, ಸಾಮಾನ್ಯ ಬಿ.ಪಿ. ಯಂತ್ರ ಸಾಕು. ರೋಗಿಯನ್ನು 5 ನಿಮಿಷ ಮಲಗಿಸಿ ಒತ್ತಡ ಅಳೆಯಬೇಕು. ನಂತರ ನಿಲ್ಲಿಸಿ 1ನೇ ನಿಮಿಷಕ್ಕೆ ಮತ್ತು 3ನೇ ನಿಮಿಷಕ್ಕೆ ಮತ್ತೆ ಅಳೆಯಬೇಕು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ, ಇಲ್ಲವೇ ಕೆಳಗಿನ ಅಂಕಿ 10 ಅಥವಾ ಹೆಚ್ಚು ಇಳಿದರೆ ತೊಂದರೆ ಇದೆ ಎಂದು ಅರ್ಥ. ಈ ವ್ಯಾಖ್ಯೆಯನ್ನು ತಜ್ಞರು 1996ರಲ್ಲಿ ಒಪ್ಪಿಕೊಂಡರು, 2011ರಲ್ಲಿ ಪರಿಷ್ಕರಿಸಿದರು.

3 ನಿಮಿಷದವರೆಗೆ ಕಾದೇ ಅಳೆಯಬೇಕು ಎಂಬ ರೂಢಿ ಬಹಳ ಕಾಲ ಇತ್ತು. ಅಮೆರಿಕದಲ್ಲಿ 11 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ನಿಂತ ಮೊದಲ ಒಂದು ನಿಮಿಷದೊಳಗಿನ ಇಳಿತವೇ ತಲೆಸುತ್ತಿಗೆ ಮತ್ತು ಮುಂದೆ ಬೀಳುವ ಅಪಾಯಕ್ಕೆ ಹೆಚ್ಚು ಹತ್ತಿರದ ಸಂಬಂಧ ಹೊಂದಿದೆ ಎಂದು ತೋರಿಸಿತು. ಆದ್ದರಿಂದ ಈಗ ಮೊದಲ ನಿಮಿಷದ ಅಳತೆಗೂ ಮಹತ್ವವಿದೆ.

ಒಂದು ಉದಾಹರಣೆ ನೋಡೋಣ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ 70 ವರ್ಷದ ಹಿರಿಯರೊಬ್ಬರ ಒತ್ತಡ ಮಲಗಿದಾಗ 160/90, ನಿಂತ ಒಂದು ನಿಮಿಷಕ್ಕೆ 118/72 ಇದೆ ಎಂದುಕೊಳ್ಳಿ. ಮಲಗಿದಾಗಿನ ಅಂಕಿ ನೋಡಿದವರು 'ಬಿ.ಪಿ. ಜಾಸ್ತಿ' ಎನ್ನುತ್ತಾರೆ. ನಿಂತಾಗಿನ ಅಂಕಿ ನೋಡಿದವರು 'ಏನೂ ತೊಂದರೆ ಇಲ್ಲ' ಎನ್ನುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ ಒಂದೇ ನಿಮಿಷದಲ್ಲಿ 42 ಅಂಕಿ ಇಳಿದಿರುವುದು ತಿಳಿಯುತ್ತದೆ.

ಜೊತೆಗೆ ನಾಡಿಯನ್ನೂ ಎಣಿಸಬೇಕು. ಒತ್ತಡ ಇಳಿದಾಗ ನಾಡಿ ಚೆನ್ನಾಗಿ ಏರಿದರೆ ನೀರಿನ ಕೊರತೆ, ರಕ್ತಸ್ರಾವ ಅಥವಾ ಔಷಧಿಯ ಪರಿಣಾಮವನ್ನು ಹುಡುಕಬೇಕಾಗುತ್ತದೆ. ಒತ್ತಡ ಇಷ್ಟೊಂದು ಇಳಿದರೂ ನಾಡಿ ಅಲುಗದಿದ್ದರೆ ನರಮಂಡಲದ ತೊಂದರೆಯ ಸಂಶಯ ಬರುತ್ತದೆ. ನಾಡಿ ಹೆಚ್ಚದಂತೆ ತಡೆಯುವ ಮಾತ್ರೆಗಳೂ ಇರುವುದರಿಂದ ಇದನ್ನು ವೈದ್ಯರೇ ನಿರ್ಧರಿಸಬೇಕು.

ಕಾರಣಗಳು

ಮೊದಲು ನೋಡಬೇಕಾದದ್ದು ಔಷಧಿಗಳ ಚೀಲವನ್ನು. ಮೂತ್ರ ಹೆಚ್ಚಿಸುವ ಮಾತ್ರೆಗಳು, ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್, ಪ್ರಜೋಸಿನ್‌ನಂಥ ಮಾತ್ರೆಗಳು, ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ನೈಟ್ರೇಟ್, ನಿದ್ದೆ ಮತ್ತು ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಪಾರ್ಕಿನ್‌ಸನ್ ಕಾಯಿಲೆಯ ಲೆವೊಡೋಪಾ ಇವೆಲ್ಲ ನಿಂತಾಗ ಒತ್ತಡವನ್ನು ಇಳಿಸಬಲ್ಲವು. ಬೇರೆ ಬೇರೆ ವೈದ್ಯರು ಬೇರೆ ಬೇರೆ ಕಾಯಿಲೆಗೆ ಬರೆದ ಮಾತ್ರೆಗಳು ಒಟ್ಟಾಗಿ ಈ ತೊಂದರೆ ತರುವುದುಂಟು.

ಎರಡನೆಯದು ದೇಹದಲ್ಲಿ ನೀರು ಅಥವಾ ರಕ್ತ ಕಡಿಮೆಯಾಗುವುದು. ವಾಂತಿ-ಭೇದಿ, ಬೇಸಿಗೆಯ ಬೆವರು, ಸರಿಯಾಗಿ ಊಟ ನೀರು ಸೇರದಿರುವುದು, ರಕ್ತಹೀನತೆ ಇವು ಈ ಗುಂಪಿನವು. ಮೂರನೆಯದು ಬಹಳ ದಿನ ಹಾಸಿಗೆಯಲ್ಲೇ ಇರುವುದು. ಶಸ್ತ್ರಚಿಕಿತ್ಸೆ ಅಥವಾ ದೀರ್ಘ ಜ್ವರದ ನಂತರ ಮೊದಲ ಸಲ ಎದ್ದು ನಿಲ್ಲುವಾಗ ಬೀಳುವವರು ಇಂಥವರು.

ನಾಲ್ಕನೆಯದು ನರಗಳ ತೊಂದರೆ. ದೀರ್ಘಕಾಲದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಹಾಳಾಗುವಂತೆ ರಕ್ತನಾಳಗಳನ್ನು ಬಿಗಿಗೊಳಿಸುವ ನರಗಳೂ ಹಾಳಾಗಬಹುದು. ಪಾರ್ಕಿನ್‌ಸನ್ ಕಾಯಿಲೆ, ಅದಕ್ಕಿಂತ ತೀವ್ರವಾದ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ, ಬೆನ್ನುಹುರಿಯ ಪೆಟ್ಟು ಇವುಗಳಲ್ಲೂ ಹೀಗಾಗುತ್ತದೆ.

ಚಿಕಿತ್ಸೆಯ ಸಂಶೋಧನೆ ನಡೆದು ಬಂದ ದಾರಿ

ಈ ಕಾಯಿಲೆಯನ್ನು ಸ್ಪಷ್ಟವಾಗಿ ಬಣ್ಣಿಸಿದವರು ನ್ಯೂಯಾರ್ಕಿನ ವೈದ್ಯರಾದ ಬ್ರ್ಯಾಡ್‌ಬರಿ ಮತ್ತು ಎಗಲ್‌ಸ್ಟನ್. 1925ರಲ್ಲಿ ಅವರು ಮೂವರು ರೋಗಿಗಳ ವಿವರ ಪ್ರಕಟಿಸಿದರು. ನಿಂತರೆ ಪ್ರಜ್ಞೆ ತಪ್ಪುವುದು, ನಾಡಿ ಬದಲಾಗದಿರುವುದು, ಬೆವರು ಬಾರದಿರುವುದು, ಬೇಸಿಗೆಯಲ್ಲಿ ತೊಂದರೆ ಹೆಚ್ಚುವುದು, ಇವೆಲ್ಲವನ್ನೂ ಅವರು ಗುರುತಿಸಿದ್ದರು. ಇಂದಿಗೂ ವೈದ್ಯರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಇವೇ.

ಮಂಚದ ತಲೆಭಾಗ ಎತ್ತರಿಸುವುದು: ಅಮೆರಿಕದ ಮೇಯೊ ಕ್ಲಿನಿಕ್‌ನ ಮೆಕ್ಲೀನ್ ಮತ್ತು ಅಲೆನ್ ಎಂಬ ವೈದ್ಯರು 1940ರಲ್ಲಿ ಈ ಉಪಾಯವನ್ನು ತಿಳಿಸಿದರು. ಇಂಥ ರೋಗಿಗಳಲ್ಲಿ ಮಲಗಿದಾಗ ಒತ್ತಡ ಏರುವುದರಿಂದ ಮೂತ್ರಪಿಂಡಗಳು ರಾತ್ರಿಯಿಡೀ ಉಪ್ಪು ಮತ್ತು ನೀರನ್ನು ಹೆಚ್ಚಾಗಿ ಹೊರಹಾಕುತ್ತವೆ. ಬೆಳಗಾಗುವ ಹೊತ್ತಿಗೆ ದೇಹ ಒಣಗಿರುತ್ತದೆ. ಬೆಳಗಿನ ಹೊತ್ತೇ ತೊಂದರೆ ಹೆಚ್ಚಿರಲು ಇದೊಂದು ಕಾರಣ. ತಲೆಭಾಗ ಎತ್ತರವಿದ್ದರೆ ಈ ನಷ್ಟ ಕಡಿಮೆಯಾಗುತ್ತದೆ, ಮಲಗಿದಾಗಿನ ಒತ್ತಡವೂ ಅಷ್ಟು ಏರುವುದಿಲ್ಲ. ಆದರೆ ಎಲ್ಲರಿಗೂ ಇದು ಸಮನಾಗಿ ಫಲ ಕೊಡುವುದಿಲ್ಲ. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಯಸ್ಸಾದವರು 6 ಇಂಚು ಎತ್ತರಿಸಿದ ಮಂಚದಲ್ಲಿ ಮಲಗಿದರೂ ಹೇಳಿಕೊಳ್ಳುವ ಹೆಚ್ಚಿನ ಲಾಭ ಕಾಣಲಿಲ್ಲ. ನರಗಳ ತೊಂದರೆಯಿಂದ ಮಲಗಿದಾಗ ಒತ್ತಡ ಏರುವವರಿಗೆ ವೈದ್ಯರು ಈಗಲೂ ಇದನ್ನು ಸಲಹೆ ಮಾಡುತ್ತಾರೆ.

ಎರಡು ದೊಡ್ಡ ಲೋಟ ನೀರು: ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಜೆನ್ಸ್ ಜೋರ್ಡಾನ್, ಡೇವಿಡ್ ರಾಬರ್ಟ್‌ಸನ್ ಮತ್ತು ಸಂಗಡಿಗರು 1999 ಮತ್ತು 2000ದಲ್ಲಿ ಪ್ರಕಟಿಸಿದ ಫಲಿತಾಂಶಗಳು ವೈದ್ಯರಿಗೇ ಅಚ್ಚರಿ ತಂದವು. ಸ್ವನಿಯಂತ್ರಿತ ನರಮಂಡಲ ಹಾಳಾದ ರೋಗಿಗಳು 480 ಮಿಲಿಲೀಟರ್ ಸಾದಾ ನೀರು ಕುಡಿದಾಗ ಅವರ ಒತ್ತಡದ ಮೇಲಿನ ಅಂಕಿ ಸರಾಸರಿ 30ಕ್ಕಿಂತ ಹೆಚ್ಚು ಏರಿತು. ಪರಿಣಾಮ ಕೆಲವೇ ನಿಮಿಷಗಳಲ್ಲಿ ಶುರುವಾಗಿ, ಸುಮಾರು ಅರ್ಧ ಗಂಟೆಗೆ ತುದಿ ಮುಟ್ಟಿ, ಒಂದು ಗಂಟೆಗೂ ಹೆಚ್ಚು ಉಳಿಯಿತು. ಆರೋಗ್ಯವಂತ ಯುವಕರಲ್ಲಿ ಇದೇ ನೀರು ಒತ್ತಡವನ್ನು ಹೆಚ್ಚಿಸಲಿಲ್ಲ. ರಕ್ತದ ಪ್ರಮಾಣ ಅಷ್ಟು ಬೇಗ ಹೆಚ್ಚಲು ಸಾಧ್ಯವಿಲ್ಲವಾದ್ದರಿಂದ ನೀರು ಒಳಗಿನ ನರಗಳನ್ನು ಎಚ್ಚರಿಸುತ್ತದೆ ಎಂಬ ನಿರ್ಣಯಕ್ಕೆ ಸಂಶೋಧಕರು ಬಂದರು. ಉಪ್ಪು ಬೆರೆಸಿದ ನೀರಿಗಿಂತ ಸಾದಾ ನೀರೇ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ ಎಂಬುದೂ ಮುಂದಿನ ಪ್ರಯೋಗಗಳಲ್ಲಿ ಕಂಡಿತು. ಗುಟುಕು ಗುಟುಕಾಗಿ ದಿನವಿಡೀ ಕುಡಿದರೆ ಈ ಪರಿಣಾಮ ಸಿಗುವುದಿಲ್ಲ. ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು.

ಕಾಲಿನ ಸ್ನಾಯುಗಳ ಸಹಾಯ: ನೆದರ್‌ಲ್ಯಾಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವೀಲಿಂಗ್ ಮತ್ತು ಅವರ ಸಂಗಡಿಗರು 1990ರ ದಶಕದಿಂದ ಇದನ್ನು ಅಭ್ಯಾಸ ಮಾಡಿದರು. ನಿಂತಲ್ಲೇ ಒಂದು ಕಾಲಿಗೆ ಇನ್ನೊಂದನ್ನು ಅಡ್ಡ ಹಾಕಿ ತೊಡೆ, ಪಿರ್ರೆಗಳನ್ನು ಬಿಗಿ ಹಿಡಿದರೆ, ಕೆಳಗೆ ನಿಂತ ರಕ್ತ ಹಿಂಡಿದಂತಾಗಿ ಹೃದಯಕ್ಕೆ ಮರಳುತ್ತದೆ. ಕುಕ್ಕರುಗಾಲಲ್ಲಿ ಕೂರುವುದು ಇನ್ನೂ ಬೇಗ ಕೆಲಸ ಮಾಡುತ್ತದೆ. ಎದ್ದ ಮೊದಲ ಅರ್ಧ ನಿಮಿಷ ಮಾತ್ರ ಒತ್ತಡ ಕುಸಿಯುವ ಯುವತಿಯರ ಮೇಲೆ ಕೆನಡಾದ ಕ್ಯಾಲ್ಗರಿಯಲ್ಲಿ ನಡೆದು 2022ರಲ್ಲಿ ಪ್ರಕಟವಾದ ಚಿಕ್ಕ ಅಧ್ಯಯನವೊಂದರಲ್ಲಿ, ಏಳುವ ಮುನ್ನ ಕುಳಿತಲ್ಲೇ 30 ಸೆಕೆಂಡು ಮೊಣಕಾಲುಗಳನ್ನು ಎತ್ತಿ ಇಳಿಸಿದರೂ, ಎದ್ದ ಕೂಡಲೇ ಕಾಲು ಅಡ್ಡ ಹಾಕಿ ಬಿಗಿ ಹಿಡಿದರೂ ಒತ್ತಡದ ಕುಸಿತ ಕಡಿಮೆಯಾಯಿತು.

ಹೊಟ್ಟೆಯ ಪಟ್ಟಿ: ಕಾಲಿಗೆ ಹಾಕುವ ಬಿಗಿ ಕಾಲುಚೀಲಗಳು ಬಹಳ ಕಾಲದಿಂದ ಬಳಕೆಯಲ್ಲಿವೆ. ಆದರೆ ನಿಂತಾಗ ರಕ್ತ ಹೆಚ್ಚಾಗಿ ಶೇಖರವಾಗುವುದು ಹೊಟ್ಟೆಯ ರಕ್ತನಾಳಗಳಲ್ಲಿ. ಮೊಣಕಾಲಿನವರೆಗಿನ ಕಾಲುಚೀಲಕ್ಕಿಂತ ಹೊಟ್ಟೆಯ ಸುತ್ತ ಕಟ್ಟುವ ಎಲಾಸ್ಟಿಕ್ ಪಟ್ಟಿ ಹೆಚ್ಚು ಉಪಯುಕ್ತ. ನಿಂತಾಗ ತಾನಾಗಿಯೇ ಬಿಗಿಯಾಗುವ ಪಟ್ಟಿಯೊಂದನ್ನು ವ್ಯಾಂಡರ್‌ಬಿಲ್ಟ್‌ನ ಸಂಶೋಧಕರು 2016ರಲ್ಲಿ ಪರೀಕ್ಷಿಸಿದಾಗ ಅದು ಮಿಡೋಡ್ರಿನ್ ಮಾತ್ರೆಯಷ್ಟೇ ಫಲ ನೀಡಿತು.

ಔಷಧಿಗಳು

ಮೇಲಿನ ಕ್ರಮಗಳು ಸಾಲದಿದ್ದಾಗ ಮಾತ್ರೆಗಳ ಸರದಿ. ಫ್ಲೂಡ್ರೊಕಾರ್ಟಿಸೋನ್ 1950ರ ದಶಕದಿಂದ ಬಳಕೆಯಲ್ಲಿದೆ. ಇದು ಮೂತ್ರದಲ್ಲಿ ಹೋಗುವ ಉಪ್ಪು ಮತ್ತು ನೀರನ್ನು ದೇಹದಲ್ಲೇ ಉಳಿಸುತ್ತದೆ. ಕಾಲು ಊದಿಕೊಳ್ಳಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯಬಹುದು. ಹೃದಯ ದುರ್ಬಲವಾಗಿರುವವರಿಗೆ ಇದು ಅಪಾಯ ತರಬಹುದು. ಆದ್ದರಿಂದ ಆಗಾಗ ರಕ್ತ ಪರೀಕ್ಷೆ ಬೇಕು.

ಮಿಡೋಡ್ರಿನ್ ನೇರವಾಗಿ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಇದಕ್ಕೆ 1996ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟಿತು. ಒತ್ತಡದ ಅಂಕಿ ಏರುತ್ತದೆ ಎಂಬುದೇ ಆಗ ಆಧಾರವಾಗಿತ್ತು. ಅಂಕಿ ಏರಿದ್ದರಿಂದ ರೋಗಿಯ ಬದುಕು ನಿಜವಾಗಿ ಸುಧಾರಿಸಿತೇ ಎಂಬುದನ್ನು ಮುಂದಿನ ಪ್ರಯೋಗಗಳಿಂದ ತೋರಿಸಬೇಕು ಎಂದು ಷರತ್ತು ಹಾಕಲಾಗಿತ್ತು. ಆ ಪುರಾವೆ ಸಿಗದಿದ್ದಾಗ 2010ರಲ್ಲಿ ಅದೇ ಸಂಸ್ಥೆ ಅನುಮತಿ ಹಿಂಪಡೆಯುವ ಪ್ರಸ್ತಾಪ ಮಾಡಿತು. ಈ ಮಾತ್ರೆಯಿಂದಲೇ ತಾವು ಎದ್ದು ಓಡಾಡುತ್ತಿದ್ದೇವೆ ಎಂದು ರೋಗಿಗಳೂ ವೈದ್ಯರೂ ವಿರೋಧಿಸಿದರು. ಮಾತ್ರೆ ಮಾರುಕಟ್ಟೆಯಲ್ಲಿ ಉಳಿಯಿತು. ಇದನ್ನು ತೆಗೆದುಕೊಂಡವರು ಹೆಚ್ಚು ಹೊತ್ತು ನಿಲ್ಲಬಲ್ಲರು ಎಂದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಈ ಪ್ರಸಂಗದಿಂದ ನಾವು ಕಲಿಯಬೇಕಾದ ಪಾಠವಿದೆ: ಚಿಕಿತ್ಸೆಯ ಗುರಿ ಯಂತ್ರದ ಅಂಕಿ ಅಲ್ಲ. ರೋಗಿ ಎಷ್ಟು ಹೊತ್ತು ತೊಂದರೆಯಿಲ್ಲದೆ ನಿಲ್ಲಬಲ್ಲರು, ತಮ್ಮ ಸ್ನಾನ, ಊಟ, ಓಡಾಟವನ್ನು ತಾವೇ ಮಾಡಿಕೊಳ್ಳಬಲ್ಲರೇ ಎಂಬುದೇ ಗುರಿ.

ಮಿಡೋಡ್ರಿನ್ ತೆಗೆದುಕೊಂಡಾಗ ತಲೆಯ ಚರ್ಮದಲ್ಲಿ ಜುಮ್ಮೆನ್ನುವುದು, ಮೈ ನವಿರೇಳುವುದು ಸಾಮಾನ್ಯ. ಇದರ ಪರಿಣಾಮ ಕೆಲವೇ ಗಂಟೆ ಇರುವುದರಿಂದ ಹಗಲಿನಲ್ಲಿ ಓಡಾಡುವ ಹೊತ್ತಿಗೆ ಮಾತ್ರ ಕೊಡುತ್ತಾರೆ. ಮಲಗುವುದಕ್ಕೆ ಕನಿಷ್ಠ 4 ಗಂಟೆ ಮುಂಚೆ ದಿನದ ಕೊನೆಯ ಮಾತ್ರೆ ಮುಗಿದಿರಬೇಕು.

ಡ್ರಾಕ್ಸಿಡೋಪಾ ಎಂಬ ಔಷಧಿ ದೇಹದೊಳಗೆ ನಾರ್‌ಅಡ್ರಿನಲಿನ್ ಆಗಿ ಬದಲಾಗುತ್ತದೆ. ಜಪಾನಿನಲ್ಲಿ ಇದು 1989ರಲ್ಲೇ ಬಂತು, ಅಮೆರಿಕದಲ್ಲಿ 2014ರಲ್ಲಿ ಅನುಮತಿ ಪಡೆಯಿತು. ಪಿರಿಡೋಸ್ಟಿಗ್ಮಿನ್ ಎಂಬ ಹಳೆಯ ಮಾತ್ರೆ ಮಲಗಿದಾಗಿನ ಒತ್ತಡವನ್ನು ಹೆಚ್ಚು ಏರಿಸದೆ ನಿಂತಾಗ ಸ್ವಲ್ಪ ನೆರವಾಗುತ್ತದೆ ಎಂದು ಮೇಯೊ ಕ್ಲಿನಿಕ್‌ನ 2006ರ ಪ್ರಯೋಗ ತಿಳಿಸಿತು. ಇವುಗಳಲ್ಲಿ ಯಾವುದು ಯಾರಿಗೆ ಎಂಬುದನ್ನು ವೈದ್ಯರು ಕಾರಣ ನೋಡಿ ನಿರ್ಧರಿಸುತ್ತಾರೆ. ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆ ನಮಗೆ ಒಗ್ಗಬೇಕೆಂದಿಲ್ಲ.

ಮಾತ್ರೆಯನ್ನು ಮೀರಿದ ಪ್ರಯತ್ನಗಳೂ ನಡೆದಿವೆ. ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನ ಸಂಶೋಧಕರು ಬೆನ್ನುಹುರಿಯ ಮೇಲೆ ಚಿಕ್ಕ ವಿದ್ಯುತ್ ಪಟ್ಟಿಯೊಂದನ್ನು ಅಳವಡಿಸಿ, ನಿಂತಾಗ ರಕ್ತನಾಳಗಳು ಬಿಗಿಯಾಗುವಂತೆ ಮಾಡುವ ವಿಧಾನವನ್ನು ರೂಪಿಸಿದ್ದಾರೆ. ಬೆನ್ನುಹುರಿಯ ಪೆಟ್ಟಿನವರಿಗಾಗಿ ಹುಟ್ಟಿದ ಈ ವಿಧಾನ 2021ರಲ್ಲಿ ಪ್ರಕಟವಾಯಿತು. ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯಿಂದ ಎದ್ದು ನಿಲ್ಲಲಾಗದಿದ್ದ ಮಹಿಳೆಯೊಬ್ಬರು ಇದರ ಸಹಾಯದಿಂದ ಮತ್ತೆ ನಡೆದ ವರದಿ 2022ರಲ್ಲಿ ಬಂತು. ಇದು ಆಯ್ದ ಕೆಲವೇ ರೋಗಿಗಳಲ್ಲಿ ನಡೆದ ಪ್ರಯೋಗ, ಸಾಮಾನ್ಯ ಚಿಕಿತ್ಸೆಯಲ್ಲ. ಆದರೂ ಭರವಸೆಯ ಹೆಜ್ಜೆ.

ಮಲಗಿದರೆ ಹೆಚ್ಚು, ನಿಂತರೆ ಕಡಿಮೆ: ಬಿ.ಪಿ. ಮಾತ್ರೆ ನಿಲ್ಲಿಸಬೇಕೇ?

ಇದು ಜೊತೆಗಾರರು ಹೆಚ್ಚಾಗಿ ಕೇಳುವ ಪ್ರಶ್ನೆ. ಉತ್ತರ: ತಾವಾಗಿ ನಿಲ್ಲಿಸಬಾರದು. 'ಬಿ.ಪಿ. ಮಾತ್ರೆಯಿಂದಲೇ ತಲೆಸುತ್ತು' ಎಂದು ಮಾತ್ರೆಗಳನ್ನೆಲ್ಲ ಒಮ್ಮೆಲೇ ಬಿಟ್ಟವರು ಪಾರ್ಶ್ವವಾಯು ಅಥವಾ ಹೃದಯಾಘಾತದ ಅಪಾಯವನ್ನು ತಂದುಕೊಳ್ಳುತ್ತಾರೆ. ಹಲವು ಪ್ರಯೋಗಗಳಲ್ಲಿ ಭಾಗವಹಿಸಿದ 18 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಒಂದು ಮಹತ್ವದ ಸಂಗತಿ ಹೊರಬಿತ್ತು. ರಕ್ತದ ಒತ್ತಡವನ್ನು ಹೆಚ್ಚು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ನಿಂತಾಗಿನ ಇಳಿತ ಹೆಚ್ಚಲಿಲ್ಲ, ಬದಲಿಗೆ ಸ್ವಲ್ಪ ಕಡಿಮೆಯೇ ಆಗಿತ್ತು. ಅಧಿಕ ಒತ್ತಡ ಹತೋಟಿ ತಪ್ಪಿದರೆ ರಕ್ತನಾಳಗಳು ಗಡುಸಾಗಿ, ಒತ್ತಡ ಗ್ರಹಿಸುವ ಶಕ್ತಿಯೂ ಕುಗ್ಗುತ್ತದೆ ಎಂಬುದು ಇದಕ್ಕೆ ಒಂದು ವಿವರಣೆ.

ಹಾಗೆಂದು ಯಾವ ಮಾತ್ರೆಯೂ ತೊಂದರೆ ಕೊಡುವುದಿಲ್ಲ ಎಂದಲ್ಲ. ಕೆಲವು ಜಾತಿಯ ಮಾತ್ರೆಗಳು ಹೆಚ್ಚು ಇಳಿಸುತ್ತವೆ, ಕೆಲವು ಕಡಿಮೆ. ಮಾತ್ರೆ ಬದಲಿಸುವುದು, ಪ್ರಮಾಣ ಕಡಿಮೆ ಮಾಡುವುದು, ಬೆಳಗಿನದನ್ನು ರಾತ್ರಿಗೆ ಸರಿಸುವುದು ಇವೆಲ್ಲ ವೈದ್ಯರು ಮಾಡಬಹುದಾದ ಬದಲಾವಣೆಗಳು. ಅದಕ್ಕಾಗಿ ಮಲಗಿದಾಗಿನ ಮತ್ತು ನಿಂತಾಗಿನ ಎರಡೂ ಅಂಕಿಗಳು ಅವರ ಮುಂದೆ ಇರಬೇಕು.

ಮೇಲೆ ಹೇಳಿದ 70 ವರ್ಷದ ಹಿರಿಯರ ಉದಾಹರಣೆಗೇ ಬರೋಣ. ಅವರಿಗೆ ಹಗಲಿಗೊಂದು, ರಾತ್ರಿಗೊಂದು ಯೋಚನೆ ಬೇಕು. ಹಗಲಲ್ಲಿ ಬೀಳದಂತೆ ನೋಡಿಕೊಳ್ಳಬೇಕು, ರಾತ್ರಿ ಒತ್ತಡ ವಿಪರೀತ ಏರದಂತೆಯೂ ನೋಡಿಕೊಳ್ಳಬೇಕು. ಆದ್ದರಿಂದಲೇ ಅವರು ಮಧ್ಯಾಹ್ನ ಚಪ್ಪಟೆಯಾಗಿ ಮಲಗುವ ಬದಲು ಒರಗು ಕುರ್ಚಿಯಲ್ಲಿ ವಿಶ್ರಾಂತಿ ಪಡೆಯುವುದು ಒಳ್ಳೆಯದು. ರಾತ್ರಿ ಮಲಗುವ ಮುನ್ನ ಒಮ್ಮೆಲೇ ಹೆಚ್ಚು ನೀರು ಕುಡಿಯಬಾರದು.

ದಿನನಿತ್ಯ ಪಾಲಿಸಬೇಕಾದ ಕ್ರಮಗಳು

1. ಒಮ್ಮೆಲೇ ಏಳಬೇಡಿ. ಮೊದಲು ಮಗ್ಗುಲಿಗೆ ತಿರುಗಿ, ಕಾಲು ಕೆಳಗೆ ಬಿಟ್ಟು ಒಂದೆರಡು ನಿಮಿಷ ಕುಳಿತುಕೊಳ್ಳಿ. ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಮೊಣಕಾಲು ಎತ್ತಿ ಇಳಿಸಿ. ನಂತರ ಮಂಚ ಹಿಡಿದು ನಿಲ್ಲಿ. ತಲೆ ಸರಿಯಿದ್ದರೆ ಮಾತ್ರ ಹೆಜ್ಜೆ ಇಡಿ.

2. ಬೆಳಿಗ್ಗೆ ಏಳುವ ಮುನ್ನ ಹಾಸಿಗೆಯಲ್ಲಿ ಕುಳಿತೇ ಎರಡು ದೊಡ್ಡ ಲೋಟ ಸಾದಾ ನೀರು ಕುಡಿಯಿರಿ. ರಾತ್ರಿಯೇ ತಂಬಿಗೆಯಲ್ಲಿ ನೀರು ತುಂಬಿ ಕೈಗೆ ಎಟುಕುವಲ್ಲಿ ಇಟ್ಟುಕೊಳ್ಳಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿನ ಮಿತಿ ಹೇಳಿಸಿಕೊಂಡವರು ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು.

3. ಉಪ್ಪಿನ ವಿಷಯದಲ್ಲಿ ಸ್ವಂತ ನಿರ್ಧಾರ ಬೇಡ. ಈ ತೊಂದರೆಯ ಕೆಲವರಿಗೆ ವೈದ್ಯರು ಉಪ್ಪು ಹೆಚ್ಚಿಸಲು ಹೇಳುತ್ತಾರೆ. ಅದೇ ಉಪ್ಪು ಅಧಿಕ ಒತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಹಾನಿ ಮಾಡುತ್ತದೆ.

4. ಹೊಟ್ಟೆ ಬಿರಿಯುವಂತೆ ಒಮ್ಮೆಲೇ ಊಟ ಮಾಡಬೇಡಿ. ಊಟದ ನಂತರ ರಕ್ತ ಕರುಳಿನ ಕಡೆಗೆ ಹರಿದು ಒತ್ತಡ ಇಳಿಯುತ್ತದೆ. ಅನ್ನ, ಸಿಹಿ ಹೆಚ್ಚಾದಷ್ಟೂ ಈ ಇಳಿತ ಹೆಚ್ಚು. ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ತಿನ್ನಿ. ಊಟವಾದ ಮೇಲೆ ಒಂದೆರಡು ಗಂಟೆ ಎದ್ದು ಓಡಾಡುವಾಗ ಹೆಚ್ಚು ಎಚ್ಚರವಿರಲಿ.

5. ಸುಡು ಸುಡು ನೀರಿನ ಸ್ನಾನ ಬೇಡ. ಬಿಸಿಗೆ ರಕ್ತನಾಳಗಳು ಅಗಲವಾಗುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ, ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡಿ. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬೇಡಿ.

6. ಕುಕ್ಕರುಗಾಲಿನ ಶೌಚಾಲಯದಿಂದ ಏಳುವಾಗ ಒತ್ತಡ ಬೇಗ ಕುಸಿಯುತ್ತದೆ. ಗೋಡೆಗೆ ಹಿಡಿಕೆ ಹಾಕಿಸಿ, ಸಾಧ್ಯವಾದರೆ ಕಮೋಡ್ ಬಳಸಿ. ಮಲಬದ್ಧತೆಗೆ ಚಿಕಿತ್ಸೆ ಪಡೆಯಿರಿ, ಮುಕ್ಕಬೇಡಿ. ರಾತ್ರಿ ಗಂಡಸರೂ ಕುಳಿತೇ ಮೂತ್ರ ಮಾಡುವುದು ಕ್ಷೇಮ.

7. ಬಹಳ ಹೊತ್ತು ಅಲುಗಾಡದೆ ನಿಲ್ಲಬೇಡಿ. ರೇಷನ್ ಅಂಗಡಿಯ ಸಾಲಿನಲ್ಲೋ ಬಸ್ಸಿನಲ್ಲೋ ನಿಲ್ಲಬೇಕಾದರೆ ಕಾಲು ಅಡ್ಡ ಹಾಕಿ ಬಿಗಿ ಹಿಡಿಯಿರಿ, ಹಿಮ್ಮಡಿ ಎತ್ತಿ ಇಳಿಸಿ. ಕಣ್ಣು ಮಂಜಾಯಿತೆಂದರೆ ಸಂಕೋಚಪಡದೆ ಅಲ್ಲೇ ಕುಳಿತುಬಿಡಿ.

8. ಹೊಟ್ಟೆಯ ಪಟ್ಟಿ ಬಳಸುವವರು ಏಳುವ ಮುನ್ನ ಕಟ್ಟಿಕೊಳ್ಳಿ, ಮಲಗುವಾಗ ಬಿಚ್ಚಿಡಿ.

9. ಮಂಚದ ತಲೆಭಾಗವನ್ನು ಎತ್ತರಿಸಲು ವೈದ್ಯರು ಹೇಳಿದ್ದರೆ ತಲೆಯ ಕಡೆಯ ಎರಡೂ ಕಾಲುಗಳ ಕೆಳಗೆ ಭದ್ರವಾದ ಮರದ ತುಂಡು ಅಥವಾ ಇಟ್ಟಿಗೆ ಇಡಿ. ದಿಂಬುಗಳನ್ನು ಪೇರಿಸಿದರೆ ಕುತ್ತಿಗೆ ಮಾತ್ರ ಬಾಗುತ್ತದೆ, ಪ್ರಯೋಜನವಿಲ್ಲ.

10. ಮದ್ಯಪಾನ ಬೇಡ. ಬಿಸಿಲಿನ ಹೊತ್ತು, ಜ್ವರ, ಭೇದಿ, ಉಪವಾಸದ ದಿನಗಳಲ್ಲಿ ಹೆಚ್ಚಿನ ಎಚ್ಚರವಿರಲಿ.

ಜೊತೆಗಾರರು ತಿಳಿದಿರಬೇಕಾದದ್ದು

ರೋಗಿ ನಿಂತಲ್ಲೇ ಮಾತು ನಿಲ್ಲಿಸಿದರೆ, ದೃಷ್ಟಿ ಮಂಕಾದರೆ, ಮುಖ ಬಿಳಿಚಿಕೊಂಡರೆ ತಕ್ಷಣ ನೆಲಕ್ಕೆ ಮಲಗಿಸಿ ಕಾಲುಗಳನ್ನು ಎತ್ತರಕ್ಕೆ ಹಿಡಿಯಿರಿ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಎಚ್ಚರ ಬರುತ್ತದೆ. ಇಲ್ಲಿ ಎಲ್ಲರೂ ಪ್ರೀತಿಯಿಂದಲೇ ಮಾಡುವ ಒಂದು ತಪ್ಪಿದೆ: ಬಿದ್ದವರನ್ನು ನಾಲ್ಕು ಜನ ಸೇರಿ ಎತ್ತಿ ಕುರ್ಚಿಯಲ್ಲಿ ಕೂರಿಸುವುದು. ತಲೆಗೆ ರಕ್ತ ಬೇಕಾಗಿರುವ ಹೊತ್ತಿನಲ್ಲಿ ನೆಟ್ಟಗೆ ಕೂರಿಸಿದರೆ ಮೆದುಳಿಗೆ ಇನ್ನಷ್ಟು ಕೊರತೆಯಾಗುತ್ತದೆ. ಪೂರ್ತಿ ಎಚ್ಚರವಾಗುವ ಮುನ್ನ ಬಾಯಿಗೆ ನೀರು, ಕಾಫಿ ಹಾಕಬಾರದು; ಶ್ವಾಸನಾಳಕ್ಕೆ ಹೋದೀತು. ಸಕ್ಕರೆ ಕಾಯಿಲೆಯವರಾಗಿದ್ದರೆ ರಕ್ತದ ಸಕ್ಕರೆ ಇಳಿದಿದೆಯೇ ಎಂದೂ ನೋಡಬೇಕು.

ಮನೆಯಲ್ಲಿ ಬಿ.ಪಿ. ಯಂತ್ರವಿದ್ದರೆ ಒಂದು ವಾರ ಬೆಳಿಗ್ಗೆ ಎದ್ದಾಗ, ಮಧ್ಯಾಹ್ನ ಊಟವಾದ ಒಂದು ಗಂಟೆಗೆ, ರಾತ್ರಿ ಮಲಗುವಾಗ ಹೀಗೆ ಮೂರು ಹೊತ್ತು ಮಲಗಿದಾಗಿನ ಮತ್ತು ನಿಂತಾಗಿನ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ನಿಲ್ಲಿಸುವಾಗ ಪಕ್ಕದಲ್ಲೇ ಇರಿ. ಮುಂದಿನ ಸಲ ಬರುವಾಗ ಆ ಹಾಳೆಯನ್ನೂ, ಆಯುರ್ವೇದ ಹಾಗೂ ಅಂಗಡಿಯಿಂದ ತಂದ ಮಾತ್ರೆಗಳೂ ಸೇರಿದಂತೆ ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ ತನ್ನಿ. ಅನೇಕ ಸಲ ರೋಗದ ಕಾರಣ ಆ ಚೀಲದಲ್ಲೇ ಸಿಗುತ್ತದೆ.

ತಕ್ಷಣ ಆಸ್ಪತ್ರೆಗೆ ಬರಬೇಕಾದ ಸಂದರ್ಭಗಳು

ಎದೆನೋವು ಅಥವಾ ಉಸಿರಾಟದ ತೊಂದರೆ ಇದ್ದರೆ, ಮಲಗಿದ್ದಾಗ, ಕುಳಿತಿದ್ದಾಗ ಅಥವಾ ನಡೆಯುವಾಗಲೇ ಪ್ರಜ್ಞೆ ತಪ್ಪಿದರೆ, ಮಾತು ತೊದಲಿದರೆ, ಕೈಕಾಲಿನ ಬಲ ಕುಂದಿದರೆ, ಮಲ ಟಾರಿನಂತೆ ಕಪ್ಪಾಗಿದ್ದರೆ, ವಾಂತಿ-ಭೇದಿ ನಿಲ್ಲದಿದ್ದರೆ, ಬಿದ್ದು ತಲೆಗೆ ಪೆಟ್ಟಾಗಿದ್ದರೆ ಕಾಯಬೇಡಿ. ಇವು ಬೇರೆ ಗಂಭೀರ ಕಾಯಿಲೆಯ ಸೂಚನೆಗಳಾಗಿರಬಹುದು.

ಕೊನೆಯ ಮಾತು

ನರಗಳ ತೊಂದರೆಯಿಂದ ಬಂದ ಈ ಕಾಯಿಲೆ ಪೂರ್ತಿ ವಾಸಿಯಾಗುವುದು ಅಪರೂಪ. ಔಷಧಿಯಿಂದಲೋ ನೀರಿನ ಕೊರತೆಯಿಂದಲೋ ಬಂದದ್ದು ಕಾರಣ ಸರಿಪಡಿಸಿದರೆ ಹೋಗುತ್ತದೆ. ಎರಡರಲ್ಲೂ ಮಾಡಬಹುದಾದದ್ದು ಬಹಳಷ್ಟಿದೆ. ಇಂದು ವೈದ್ಯರು ನಿಮ್ಮನ್ನು ನೋಡುವಾಗ 'ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ' ಎಂಬ ಒಂದು ಮಾತನ್ನು ಮರೆಯದೆ ಹೇಳಿ. 'ನಿಂತಾಗಲೂ ಒಮ್ಮೆ ಬಿ.ಪಿ. ನೋಡುತ್ತೀರಾ?' ಎಂದು ಕೇಳಿ. ಈ ಎರಡು ಮಾತಿನಿಂದ ಒಂದು ಮೂಳೆ ಮುರಿತ ತಪ್ಪಿದರೂ ಅದು ದೊಡ್ಡ ಲಾಭವೇ.